ತಿಳಿಯದೆ ಅಂದ "ಹೂಂ": ಹೊಸದಾಗಿ ಕೆಲಸಕ್ಕೆ ಸೇರುವ ಯೌವನಸ್ಥರಿಗೆ ಒಂದು ಪಾಠ



ಪರೀಕ್ಷೆಗಳು ಮುಗಿದು ಫಲಿತಾಂಶಗಳು ತಿಳಿದ ತರುವಾಯ ನಮ್ಮ ಗ್ರಾಮಗಳಿಂದ ಪ್ರತಿವರುಷವೂ ಕೆಲವರು ಹುಡುಗರೂ ಹುಡುಗಿಯರೂ ಮೊದಲನೆಯ ಸಾರಿ ಸಂಬಳದ ಕೆಲಸಕ್ಕೆ ಹೊರಡುತ್ತಾರೆ. ಒಬ್ಬನು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗುತ್ತಾನೆ. ಒಬ್ಬನು ರೈಲ್ವೆಗೆ ಸೇರುತ್ತಾನೆ. ಒಬ್ಬಳು ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಆಗುತ್ತಾಳೆ. ಮತ್ತೊಬ್ಬನು ಬೇಲೂರಿನಲ್ಲಾಗಲಿ ಹಳೇಬೀಡಿನಲ್ಲಾಗಲಿ ಪ್ರವಾಸಿಗಳಿಗೆ ವಿವರ ಹೇಳುವ ಗೈಡಿನ ಕೆಲಸವನ್ನು ಕಲಿಯುತ್ತಾನೆ. ಇವರಲ್ಲಿ ಅನೇಕರ ತಂದೆತಾಯಿಗಳು ಕೂಲಿಯಿಂದಲೂ ಬೇಸಾಯದಿಂದಲೂ ಜೀವಿಸಿದವರೇ ಹೊರತು ಕಛೇರಿಯ ಕುರ್ಚಿಯಲ್ಲಿ ಕೂತವರಲ್ಲ. ಆದಕಾರಣ ಮಗನು ಚೀಲ ಹಿಡಿದು ಬಸ್ಸು ಹತ್ತುವಾಗ ತಮಗೆ ತಿಳಿದ ಒಂದೇ ಬುದ್ಧಿಯನ್ನು ಹೇಳಿ ಕಳುಹಿಸುತ್ತಾರೆ: "ಮಗಾ, ದೊಡ್ಡವರಿಗೆ ಎದುರು ಮಾತಾಡಬೇಡ. ಅವರು ಏನು ಹೇಳಿದರೂ ಹೂಂ ಅನ್ನು."

ಈ ಬುದ್ಧಿಯಲ್ಲಿ ಅರ್ಧ ಒಳ್ಳೆಯದು. ಇನ್ನರ್ಧವು ಕೆಲಸವನ್ನೂ, ಕೆಲವು ವೇಳೆ ಪ್ರಾಣವನ್ನೂ ಕೆಡಿಸತಕ್ಕದ್ದು. ಯಾವ ಅರ್ಧವನ್ನು ಇಟ್ಟುಕೊಳ್ಳಬೇಕು, ಯಾವ ಅರ್ಧವನ್ನು ಬಿಡಬೇಕು ಎಂಬದೇ ಈ ತಿಂಗಳಿನ ಪಾಠ.

೧. "ಹೂಂ" ಎಂಬದು ಒಂದು ರಸೀದಿ

ಮನೆಯಲ್ಲಿ ಅಜ್ಜನು ಏನಾದರೂ ಹೇಳಿದರೆ ನಮಗೆ ಪೂರಾ ತಿಳಿಯದಿದ್ದರೂ ತಲೆಯಾಡಿಸುತ್ತೇವೆ. ಅದರಿಂದ ನಷ್ಟವಿಲ್ಲ. ಅಜ್ಜನು ನಾಳೆಯೂ ಜಗಲಿಯ ಮೇಲೆಯೇ ಇರುತ್ತಾನೆ. ಬೇಕಾದರೆ ಇನ್ನೊಂದು ಸಾರಿ ಹೇಳುತ್ತಾನೆ. ಅಲ್ಲಿ ನಮ್ಮ "ಹೂಂ" ಬರಿಯ ಪ್ರೀತಿಯ ಗುರುತು.

ಕೆಲಸದ ಸ್ಥಳದಲ್ಲಿ ಹಾಗಲ್ಲ. ಮೇಲಿನವರು ಒಂದು ಕೆಲಸವನ್ನು ಹೇಳಿದಾಗ ನೀವು "ಹೂಂ, ಸಾರ್" ಅಂದರೆ, ಅವರು ಆ ಕೆಲಸವನ್ನು ತಮ್ಮ ಮನಸ್ಸಿನಿಂದ ಇಳಿಸಿ ನಿಮ್ಮ ತಲೆಯ ಮೇಲೆ ಇಟ್ಟ ಹಾಗಾಯಿತು. ನಿಮ್ಮ ಮಾತು ಒಂದು ರಸೀದಿ. ಸಾಮಾನು ಕೈಗೆ ಬಾರದೆ ರಸೀದಿಗೆ ರುಜು ಹಾಕುವವನನ್ನು ನಾವು ಮರ್ಯಾದಸ್ಥನೆನ್ನುವದಿಲ್ಲ, ಬುದ್ಧಿಯಿಲ್ಲದವನೆನ್ನುತ್ತೇವೆ. ಹೀಗಿರಲಾಗಿ ಮಾತಿನ ಅರ್ಥ ಕೈಗೆ ಬಾರದೆ "ಹೂಂ" ಅನ್ನುವದು ಹೇಗೆ ಮರ್ಯಾದೆಯಾದೀತು?

೨. ನನ್ನ ಸ್ವಂತ ತಪ್ಪು

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಸೆಮಿನರಿಗೆ ಸೇರುವದಕ್ಕೆ ಮುಂಚೆ, ನನಗೆ ೧೯ ವರುಷವಾಗಿದ್ದಾಗ, ಒಂದು ಕೊಬ್ಬರಿ ಮಂಡಿಯಲ್ಲಿ ತೂಕದ ಲೆಕ್ಕ ಬರೆಯುತ್ತಿದ್ದೆನು. ಮೊದಲನೆಯ ವಾರದಲ್ಲಿ ಯಜಮಾನರು ಅವಸರದಲ್ಲಿದ್ದರು. "ಗೋಣಿಚೀಲದ ತೂಕ ಕಳೆದು ಬರೆಯಬೇಕು, ತಿಳಿಯಿತಷ್ಟೆ?" ಅಂದರು. ಯಾರು ಕಳೆಯತಕ್ಕದ್ದು, ಎಲ್ಲಿ ಕಳೆಯತಕ್ಕದ್ದು ಎಂಬದು ನನಗೆ ತಿಳಿಯಲಿಲ್ಲ. ಕೇಳಿದರೆ ದಡ್ಡನೆಂದಾರೆಂದು ಹೆದರಿ "ಹೂಂ, ಯಜಮಾನರೇ" ಅಂದೆನು.

ಆ ದಿನ ಮುದುಕರಾದ ರೈತರೊಬ್ಬರು ಬಾಡಿಗೆಯ ಟೆಂಪೋದಲ್ಲಿ ೧೪ ಚೀಲ ಉಂಡೆಕೊಬ್ಬರಿಯನ್ನು ತಂದರು. ತೂಕಕ್ಕೆ ನಿಂತಿದ್ದ ಹಮಾಲರು ಚೀಲದ ತೂಕವನ್ನು ಕಳೆದೇ ಕೂಗುತ್ತಿದ್ದರು. ನಾನು ಅದನ್ನರಿಯದೆ ಚೀಲಕ್ಕೊಂದು ಕಿಲೋದಂತೆ ಮತ್ತೊಂದು ಸಾರಿ ಕಳೆದೆನು. ಮುದುಕರು ಓದಬಲ್ಲವರಲ್ಲ, ನಾನು ಬರೆದ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಕೊಟ್ಟ ಹಣವನ್ನು ತೆಗೆದುಕೊಂಡು ಹೋದರು. ೧೪ ಕಿಲೋ ಕೊಬ್ಬರಿಯ ಹಣ ಅವರ ಕೈ ತಪ್ಪಿತು.

ಅದೇ ರಾತ್ರಿ ಲೆಕ್ಕವನ್ನು ತಿರುಗಿ ನೋಡುವಾಗ ನನಗೆ ತಪ್ಪು ತಿಳಿಯಿತು. ಆದರೂ ಮೂರು ದಿನ ಸುಮ್ಮನಿದ್ದೆನು. ನಾಲ್ಕನೆಯ ದಿನ ಗೋದಾಮಿನ ಸರಕನ್ನು ತೂಗಿದಾಗ ಪುಸ್ತಕದಲ್ಲಿದ್ದದ್ದಕ್ಕಿಂತ ಹೆಚ್ಚು ಕಂಡುಬಂತು. ಯಜಮಾನರು ನನ್ನನ್ನು ಕೇಳಲಿಲ್ಲ. ತೂಕ ಮಾಡಿದ ಹಮಾಲರನ್ನು ಕರೆದು, "ತಕ್ಕಡಿಯಲ್ಲಿ ಏನು ಕೈಚಳಕ ಮಾಡಿದೆ?" ಎಂದು ಎಲ್ಲರ ಮುಂದೆ ಗದರಿಸಿದರು. ಇಪ್ಪತ್ತು ವರುಷ ಅಲ್ಲಿಯೇ ಬೆನ್ನು ಬಾಗಿಸಿ ದುಡಿದ ಆ ಮನುಷ್ಯರು ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನನ್ನ ನಾಲಿಗೆ ಬಿಚ್ಚಿತು.

ಯಜಮಾನರು ಹೇಳಿದ್ದು ಇಷ್ಟೇ: "ಲೆಕ್ಕ ತಪ್ಪುವದು ಹೊಸಬರಿಗೆ ಸಹಜ. ತಿಳಿಯದೆ ಹೂಂ ಅಂದದ್ದು ಒಂದು ತಪ್ಪು; ತಿಳಿದ ಮೇಲೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಅದಕ್ಕಿಂತ ದೊಡ್ಡದು." ಹಣವನ್ನು ನನ್ನ ಕೈಯಲ್ಲಿಯೇ ಕೊಟ್ಟು ಮುದುಕರ ಊರಿಗೆ ಕಳುಹಿಸಿದರು. ಅವರು ಹಣವನ್ನು ಎಣಿಸಿಕೊಂಡು ನನಗೆ ಮಜ್ಜಿಗೆ ಕೊಟ್ಟರು. ಆದರೆ ಆಮೇಲೆ ಆ ಮಂಡಿಗೆ ಕೊಬ್ಬರಿ ತರಲಿಲ್ಲ. ಹಮಾಲರ ಕ್ಷಮೆಯನ್ನೂ ಬೇಡಿಕೊಂಡೆನು. ಅವರು ಏನೂ ಅನ್ನಲಿಲ್ಲ. ಆದರೆ ನಾನು ಅಲ್ಲಿದ್ದ ಕೊನೆಯ ದಿನದ ವರೆಗೂ ತೂಕವನ್ನು ಕೂಗುವಾಗ ನನ್ನ ಮುಖವನ್ನು ನೋಡಿ ಎರಡು ಸಾರಿ ಕೂಗುತ್ತಿದ್ದರು.

ಇದರಿಂದ ತಿಳಿಯತಕ್ಕದ್ದೇನಂದರೆ, ಹೊಸಬನ ತಪ್ಪಿನ ಭಾರವು ಬಹುಮಟ್ಟಿಗೆ ಅವನ ಮೇಲೆ ಬೀಳುವದಿಲ್ಲ. ಓದು ಬಾರದ ರೈತನ ಮೇಲೆಯೂ, ಎದುರು ಮಾತಾಡಲಾರದ ಕೂಲಿಯವನ ಮೇಲೆಯೂ ಬೀಳುತ್ತದೆ.

೩. ರೈಲ್ವೆಯವರ ಪದ್ಧತಿ

ಈ ಅಪಾಯವನ್ನು ರೈಲ್ವೆಯವರು ಬಹಳ ಹಿಂದೆಯೇ ಅರಿತುಕೊಂಡರು. ಅರಸೀಕೆರೆಯು ಜಂಕ್ಷನ್ ಆಗಿದೆ. ಬೆಂಗಳೂರಿನ ಕಡೆಯಿಂದಲೂ ಹುಬ್ಬಳ್ಳಿಯ ಕಡೆಯಿಂದಲೂ ಹಾಸನ ಮೈಸೂರುಗಳ ಕಡೆಯಿಂದಲೂ ಹಳಿಗಳು ಬಂದು ಅಲ್ಲಿ ಕೂಡುತ್ತವೆ. ಒಬ್ಬನ ಮಾತನ್ನು ಮತ್ತೊಬ್ಬನು ನಂಬದೆ ಅಲ್ಲಿ ಯಾವ ಗಾಡಿಯೂ ಹೊರಡುವಂತಿಲ್ಲ. ಆದರೆ ಆ ನಂಬಿಕೆಯು ಬರಿಯ "ಹೂಂ" ಎಂಬದರ ಮೇಲೆ ನಿಂತದ್ದಲ್ಲ.

ಸಿಗ್ನಲ್ಲಿಗೆ ಜೋಡಿಸದ ಗೇಟುಗಳ ವಿಷಯವನ್ನು ನೋಡಿರಿ. ಗಾಡಿ ಬರುವದೆಂದು ಸ್ಟೇಷನ್ ಮಾಸ್ಟರರು ಟೆಲಿಫೋನಿನಲ್ಲಿ ತಿಳಿಸಿದಾಗ ಗೇಟ್‌ಮನ್ "ಆಯಿತು" ಅಂದರೆ ಸಾಲದು. ಗೇಟನ್ನು ಮುಚ್ಚಿ ಬೀಗ ಹಾಕಿದ ತರುವಾಯ, ತನಗೆ ಕೊಟ್ಟಿರುವ ಅಚ್ಚಿನ ಹಾಳೆಯಿಂದ ಒಂದು ಸಂಖ್ಯೆಯನ್ನು ಹೇಳಬೇಕು. ಇದಕ್ಕೆ ಪ್ರೈವೇಟ್ ನಂಬರ್ ಎಂದು ಹೆಸರು. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ಸಾರಿ ಹೇಳಿದ ಸಂಖ್ಯೆಯನ್ನು ಹಾಳೆಯಲ್ಲಿ ಹೊಡೆದುಹಾಕುತ್ತಾರೆ. ಹೀಗೆ ಅಲ್ಲಿ ಒಪ್ಪಿಗೆಯ ಮಾತಿಗೆ ಗುರುತೂ ದಾಖಲೆಯೂ ಇರುತ್ತವೆ.

ಎಂಜಿನ್ನಿನೊಳಗಿನ ಪದ್ಧತಿಯು ಇನ್ನೂ ಯೋಚಿಸತಕ್ಕದ್ದಾಗಿದೆ. ಗಾಡಿ ನಡಿಸುವ ಲೋಕೋ ಪೈಲಟನೂ ಅವನ ಸಹಾಯಕನೂ, ಪ್ರತಿಯೊಂದು ಸಿಗ್ನಲ್ ಕಣ್ಣಿಗೆ ಬಿದ್ದ ಕೂಡಲೇ ಅದು ಏನು ತೋರಿಸುತ್ತದೆಂಬದನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳತಕ್ಕದ್ದೆಂದು ನಿಯಮವಿದೆ. ಒಬ್ಬನಿಗೆ ಮೂವತ್ತು ವರುಷದ ಅನುಭವವಿರಬಹುದು. ಮತ್ತೊಬ್ಬನು ನಿನ್ನೆ ಸೇರಿದವನಿರಬಹುದು. ಆದರೂ ಕಿರಿಯನು, "ಹಿರಿಯರಿಗೆ ಕಾಣಿಸಿಯೇ ಇರುತ್ತದೆ, ನಾನೇಕೆ ಹೇಳಲಿ?" ಎಂದು ಸುಮ್ಮನಿರಕೂಡದು. ಹಿರಿಯನೂ "ನನಗೆ ಹೇಳಲು ನೀನಾರು?" ಎಂದು ಸಿಟ್ಟಾಗಕೂಡದು. ಹಿಂದೆ ಕುಳಿತಿರುವ ನೂರಾರು ಜನರ ಪ್ರಾಣವು ಆ ಎರಡು ಬಾಯಿಗಳ ಮೇಲೆ ನಿಂತಿದೆ.

ನರ್ಸ್ ಕೆಲಸಕ್ಕೆ ಹೋಗುವ ತಂಗಿಯರೇ, ನೀವೂ ಇದನ್ನು ಕೇಳಿರಿ. ಡಾಕ್ಟರರು ಟೆಲಿಫೋನಿನಲ್ಲಿ ಔಷಧದ ಹೆಸರನ್ನೂ ಪ್ರಮಾಣವನ್ನೂ ಹೇಳಿದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ತಿರುಗಿ ಓದಿ ಹೇಳಿರಿ. ಅವರು "ಸರಿ" ಅಂದ ಮೇಲೆಯೇ ಕೈ ಹಾಕಿರಿ. ಅವರು ಬೇಸರಗೊಂಡರೂ ಗೊಳ್ಳಲಿ, ರೋಗಿಯು ಉಳಿಯುವನು.

೪. "ನನಗೆ ತಿಳಿಯದು" ಎಂಬ ಮಾತು

ಇನ್ನು ಬೇಲೂರು ಹಳೇಬೀಡುಗಳ ಕಡೆಗೆ ತಿರುಗೋಣ. ೨೦೨೩ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಎಂಬ ಈ ಮೂರು ಊರುಗಳ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯವರು ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು. ಗೈಡಿನ ಕೆಲಸವನ್ನು ಕಲಿಯುವ ಹುಡುಗರಿಗೆ ಇಲ್ಲಿ ಒಂದು ವಿಶೇಷ ಶೋಧನೆಯುಂಟು. ಪ್ರವಾಸಿಯು ಒಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಗೊತ್ತಿಲ್ಲ. ಗೊತ್ತಿಲ್ಲವೆಂದರೆ ಕೂಲಿ ಕಡಿಮೆಯಾದೀತೆಂಬ ಭಯ. ಆಗ ಬಾಯಿಗೆ ಬಂದ ಒಂದು ಕಥೆಯನ್ನು ಹೇಳಿಬಿಡುವದು ಬಹಳ ಸುಲಭ.

ಹಾಗೆ ಮಾಡಬೇಡಿರಿ. ನಿಶ್ಚಯವಾಗಿ ಗೊತ್ತಿರುವದನ್ನು ನಿಶ್ಚಯವಾಗಿ ಹೇಳಿರಿ: ಬೇಲೂರಿನ ದೊಡ್ಡ ದೇವಾಲಯವನ್ನು ೧೧೧೭ರಲ್ಲಿ ವಿಷ್ಣುವರ್ಧನ ಅರಸನು ಪ್ರತಿಷ್ಠಿಸಿದನು, ಹಳೇಬೀಡಿಗೆ ಹಿಂದಿನ ಹೆಸರು ದೋರಸಮುದ್ರ. ಜನರು ಹೇಳುವ ಕಥೆಯನ್ನು "ಇದು ಜನರ ಕಥೆ" ಎಂದು ಹೇಳಿರಿ. ಗೊತ್ತಿಲ್ಲದ್ದನ್ನು, "ಇದು ನನಗೆ ತಿಳಿಯದು, ವಿಚಾರಿಸಿ ಹೇಳುತ್ತೇನೆ" ಎಂದು ಹೇಳಿರಿ, ಮತ್ತು ವಿಚಾರಿಸಿರಿ. ಒಂದು ವಿಷಯದಲ್ಲಿ ತಿಳಿಯದೆಂದವನ ಉಳಿದ ಮಾತುಗಳಿಗೆ ಬೆಲೆ ಹೆಚ್ಚುತ್ತದೆ. ಎಲ್ಲವೂ ತಿಳಿದಂತೆ ಆಡುವವನ ಒಂದು ಸುಳ್ಳು ಹೊರಬಿದ್ದರೆ ಅವನ ನಿಜವೂ ಹಾಳಾಗುತ್ತದೆ.

ಅದೇ ಕಲ್ಲುಗಳಲ್ಲಿ ಮತ್ತೊಂದು ಪಾಠವಿದೆ. ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಅನೇಕರು ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದ್ದಾರೆ. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಎಂಬವನ ಹೆಸರೂ ಅವನ ಮಗನಾದ ಚಾವಣನ ಹೆಸರೂ ಇಂದಿಗೂ ಕಾಣುತ್ತವೆ. ಹೆಸರು ಕೆತ್ತುವದರಲ್ಲಿ ಹೆಮ್ಮೆಯೂ ಇದ್ದೀತು. ಆದರೆ "ಇದು ನನ್ನ ಕೈಯ ಕೆಲಸ, ಕುಂದು ಕಂಡರೆ ನನ್ನನ್ನೇ ಕೇಳಿರಿ" ಎಂಬ ಮಾತೂ ಅದರಲ್ಲಿದೆಯೆಂದು ನನಗೆ ತೋರುತ್ತದೆ. ನಾವು ದಿನಾಲು ರಿಜಿಸ್ಟರಿನಲ್ಲಿ ಹಾಕುವ ರುಜುವೂ ಅಂಥದ್ದೇ. ಆದಕಾರಣ ಓದದೆ ರುಜು ಹಾಕಬೇಡಿರಿ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಹಾಕಬೇಡಿರಿ. ಬೇರೆಯವನ ಹಾಜರಿಯನ್ನು ಸ್ನೇಹದ ನಿಮಿತ್ತವಾಗಿಯೂ ಹಾಕಬೇಡಿರಿ.

೫. ಹಿರಿಯರ ತಪ್ಪನ್ನು ತೋರಿಸುವ ರೀತಿ

ಬೇಲೂರಿನಲ್ಲಿ ಜನರು ಹೇಳುವ ಒಂದು ಕಥೆಯುಂಟು. ಜಕಣಾಚಾರಿಯೆಂಬ ಪ್ರಸಿದ್ಧ ಶಿಲ್ಪಿಯು ಮಾಡಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಊರಿಗೆ ಹೊಸದಾಗಿ ಬಂದ ಯೌವನಸ್ಥನೊಬ್ಬನು ಹೇಳಿದನಂತೆ. ಮುದುಕನು ಕೋಪಗೊಂಡು, ದೋಷವಿದ್ದರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಶಪಥ ಮಾಡಿದನಂತೆ. ಕಲ್ಲಿಗೆ ಗಂಧವನ್ನು ಬಳಿದಾಗ ಹೊಕ್ಕುಳಿನ ಭಾಗವೊಂದು ಬಿಟ್ಟು ಉಳಿದದ್ದೆಲ್ಲಾ ಒಣಗಿತು. ಅಲ್ಲಿ ಉಳಿ ತಗಲಿಸಲು ಒಳಗಿನಿಂದ ನೀರೂ ಕಪ್ಪೆಯೂ ಹೊರಬಂದವು. ಮುದುಕನು ಕೈ ಕಳೆದುಕೊಂಡನು. ಆಮೇಲೆ ಆ ಯೌವನಸ್ಥನು ತನ್ನ ಮಗನೇ ಎಂದು ತಿಳಿಯಿತಂತೆ. ಇದು ಚರಿತ್ರೆಯಲ್ಲ, ಕಥೆ. ಆದರೂ ಕಥೆ ಕಟ್ಟಿದ ನಮ್ಮ ಹಿರಿಯರು ಕೆಲಸದ ಮನೆಗಳನ್ನು ಚೆನ್ನಾಗಿ ಬಲ್ಲವರು. ಕಿರಿಯನು ಸತ್ಯವನ್ನೇ ಹೇಳಿದನು, ಹಿರಿಯನು ಅದನ್ನು ಅವಮಾನವೆಂದೆಣಿಸಿದನು, ಕೈ ಹೋಯಿತು. ಪ್ರತಿಯೊಂದು ಕಛೇರಿಯಲ್ಲಿಯೂ ಇಂಥದ್ದು ನಡೆಯುತ್ತದೆ.

ಇದಕ್ಕೆ ವಿರೋಧವಾದ ದೃಷ್ಟಾಂತವನ್ನು ವೇದಪುಸ್ತಕದಲ್ಲಿ ಓದಿದ್ದೀರಿ. ಕುಷ್ಠರೋಗಿಯಾದ ನಾಮಾನನೆಂಬ ಸೇನಾಪತಿಯು ಪ್ರವಾದಿಯ ಮಾತಿಗೆ ಸಿಟ್ಟುಗೊಂಡು ಹಿಂತಿರುಗುತ್ತಿದ್ದಾಗ ಅವನ ಸೇವಕರು ಸುಮ್ಮನೆ ಹಿಂಬಾಲಿಸಿದರೆ ಅವನು ರೋಗಿಯಾಗಿಯೇ ಮನೆಗೆ ಹೋಗುತ್ತಿದ್ದನು. ಅವರು ಹತ್ತಿರ ಬಂದು, ತಂದೆಯನ್ನು ಕರೆಯುವಂತೆ ಅವನನ್ನು ಕರೆದು, ಒಂದು ಪ್ರಶ್ನೆಯ ರೂಪದಲ್ಲಿ ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಅವನು ಕೇಳಿದನು, ಗುಣಹೊಂದಿದನು.

ನೀವೂ ಹಾಗೆಯೇ ಮಾಡಿರಿ. ಹಿರಿಯರ ತಪ್ಪು ಕಂಡರೆ ನಾಲ್ಕು ಜನರ ಮುಂದೆ ಹೇಳಬೇಡಿರಿ. ಅವರೊಬ್ಬರೇ ಇರುವಾಗ ಹೇಳಿರಿ. "ತಪ್ಪು ಮಾಡಿದ್ದೀರಿ" ಅನ್ನಬೇಡಿರಿ, "ಸಾರ್, ಈ ಸಂಖ್ಯೆಯನ್ನು ಒಂದು ಸಾರಿ ನೋಡುತ್ತೀರಾ? ನನ್ನ ಲೆಕ್ಕಕ್ಕೆ ಬೇರೆ ಬರುತ್ತದೆ" ಅನ್ನಿರಿ. ಆದರೆ ಅಪಾಯವು ಕಣ್ಣೆದುರಿಗೆ ಇದ್ದಲ್ಲಿ ಈ ಸಂಕೋಚವೆಲ್ಲಾ ಬೇಡ, ಕೂಗಿ ಹೇಳಿರಿ.

೬. ಪ್ರತಿದಿನದ ನಡತೆ

ಹೊತ್ತಿಗೆ ಸರಿಯಾಗಿ ಬರುವದು: ಒಂಬತ್ತು ಘಂಟೆಗೆ ಕೆಲಸವೆಂದರೆ ಒಂಬತ್ತಕ್ಕೆ ಕೈ ಕೆಲಸದಲ್ಲಿರಬೇಕು. ಬಸ್ಸು ತಡವಾಗುವದೆಂದು ನಿಮಗೆ ತಿಳಿದ ಕೂಡಲೇ ತಿಳಿಸಿರಿ. ತಲುಪಿದ ಮೇಲೆ ಕಾರಣ ಹೇಳುವದು ಬೇರೆ, ಮುಂಚಿತವಾಗಿ ತಿಳಿಸುವದು ಬೇರೆ.

ಮಾತು: ಮೇಲಿನವರನ್ನು ಎಲ್ಲರೂ ಬಹುವಚನದಿಂದ ಕರೆಯುತ್ತಾರೆ. ನಿಮ್ಮ ಗುಣವು ತಿಳಿಯುವದು ಕಸ ಗುಡಿಸುವವರನ್ನೂ ಹಮಾಲರನ್ನೂ ಕಾವಲುಗಾರನನ್ನೂ ನೀವು ಹೇಗೆ ಕರೆಯುತ್ತೀರೆಂಬದರಿಂದ. ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರು ಜೀವಮಾನವೆಲ್ಲಾ "ಲೋ", "ಲೇ" ಎಂದು ಕರೆಸಿಕೊಂಡವರು. ಆ ಮಾತು ಎಲ್ಲಿ ಚುಚ್ಚುತ್ತದೆಂಬದು ನಮಗೆ ಗೊತ್ತು. "ಅಣ್ಣಾ", "ಅಮ್ಮಾ", "ನೀವು" ಎಂಬ ಮಾತುಗಳಿಗೆ ಖರ್ಚಿಲ್ಲ.

ರಜೆ: ಮದುವೆ, ಕ್ರಿಸ್ಮಸ್ ಮೊದಲಾದವುಗಳಿಗೆ ರಜೆಯನ್ನು ಮುಂಚಿತವಾಗಿ ಬರೆದು ಕೇಳಿರಿ. ಬದುಕಿರುವ ಅಜ್ಜಿಯನ್ನು ಸಾಯಿಸಿ ರಜೆ ಪಡೆಯಬೇಡಿರಿ. ಆದಿತ್ಯವಾರದ ಆರಾಧನೆಗೆ ಬಿಡುವು ಬೇಕಾದರೆ ಸೇರುವಾಗಲೇ ವಿನಯದಿಂದ ಹೇಳಿರಿ, ಮತ್ತು ಯುಗಾದಿಯ ದಿನ ಜೊತೆಯವರ ಪಾಳಿಯನ್ನು ನೀವೇ ಕೇಳಿ ಮಾಡಿರಿ. ಕೊಡದೆ ಕೇಳುವದು ನ್ಯಾಯವಲ್ಲ.

ಮೊಬೈಲ್: ಕೆಲಸದ ಹೊತ್ತಿನಲ್ಲಿ ಜೇಬಿನಲ್ಲಿರಲಿ. ರೋಗಿಯ ಚಿತ್ರವನ್ನಾಗಲಿ ಕಛೇರಿಯ ಕಾಗದವನ್ನಾಗಲಿ ಸ್ನೇಹಿತರಿಗೆ ಕಳುಹಿಸಬೇಡಿರಿ. ಅದು ನಿಮ್ಮದಲ್ಲ.

ಹಣ: ಕೈಗೆ ಬಂದ ಹಣವನ್ನು ಅದೇ ಘಳಿಗೆಯಲ್ಲಿ ಬರೆಯಿರಿ. ಸಂಜೆಗೆ ಬರೆಯೋಣವೆಂಬ ಮನಸ್ಸಿನಿಂದಲೇ ಅನೇಕರ ಕೆಡುಕು ಆರಂಭವಾಯಿತು.

ತಪ್ಪು: ಮಾಡಿದ ತಪ್ಪನ್ನು ಅವರು ಕಂಡುಹಿಡಿಯುವ ಮುಂಚೆ ನೀವೇ ಹೇಳಿರಿ. ಮೂರು ಮಾತು ಸಾಕು: ಏನು ತಪ್ಪಾಯಿತು, ಯಾರಿಗೆ ನಷ್ಟವಾಯಿತು, ಹೇಗೆ ಸರಿಪಡಿಸಬಹುದು. ಯಾಕೆ ಆಯಿತೆಂಬ ಉದ್ದವಾದ ಕಥೆಯನ್ನು ಅವರು ಕೇಳಿದರೆ ಮಾತ್ರ ಹೇಳಿರಿ.

೭. "ಇಲ್ಲ" ಅನ್ನತಕ್ಕ ಸ್ಥಳಗಳು

ಕೆಲವು ಕಡೆಗಳಲ್ಲಿ ಕೇಳಿ ತಿಳಿದುಕೊಂಡ ಮೇಲೆಯೂ "ಹೂಂ" ಅನ್ನಕೂಡದು. ಸುಳ್ಳು ಲೆಕ್ಕ ಬರೆಯೆಂದರೆ ಬರೆಯಬಾರದು. ಸರಕಾರಿ ನೌಕರನು ಲಂಚ ತೆಗೆದುಕೊಳ್ಳುವದು ೧೯೮೮ರ ಭ್ರಷ್ಟಾಚಾರ ತಡೆ ಕಾಯಿದೆಯಂತೆ ಅಪರಾಧ. ೨೦೧೮ರಲ್ಲಿ ಆದ ತಿದ್ದುಪಡಿಯ ತರುವಾಯ ಲಂಚ ಕೊಡುವದೂ ಅಪರಾಧವೇ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗಾಗಲಿ ತನಿಖೆಯ ಅಧಿಕಾರಿಗಳಿಗಾಗಲಿ ತಿಳಿಸಬೇಕು. ಹೊಲ ಅಡವಿಟ್ಟು ಕೆಲಸ ಕೊಂಡುಕೊಳ್ಳಲು ಹೊರಡುವ ತಂದೆಗಳು ಇದನ್ನು ನೆನಪಿನಲ್ಲಿಡತಕ್ಕದ್ದು.

ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯತಕ್ಕದ್ದೇನಂದರೆ, ಕೆಲಸದ ಸ್ಥಳದಲ್ಲಿ ಲಜ್ಜೆಗೆಟ್ಟ ಮಾತು, ಮುಟ್ಟುವಿಕೆ, ಬಲವಂತ ಇವುಗಳನ್ನು ತಡೆಯಲು ೨೦೧೩ರಲ್ಲಿ ಒಂದು ಕಾಯಿದೆಯಾಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸಗಾರರಿರುವ ಸಂಸ್ಥೆಯಲ್ಲಿ ಇದಕ್ಕಾಗಿ ಒಂದು ಸಮಿತಿಯಿರಬೇಕು. ಅದರ ಅಧ್ಯಕ್ಷತೆ ಹೆಂಗಸಿನದೇ ಆಗಿರಬೇಕು. ಚಿಕ್ಕ ಅಂಗಡಿಯಾಗಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಇದನ್ನು ಸಹಿಸಿಕೊಂಡು ಸುಮ್ಮನಿರುವದು ವಿನಯವೂ ಅಲ್ಲ, ಮರ್ಯಾದೆಯೂ ಅಲ್ಲ. ತಾಯಿಗಳೇ, ಮಗಳು ಇಂಥ ಮಾತನ್ನು ಮನೆಗೆ ತಂದಾಗ ಮೊದಲು ಅವಳನ್ನು ನಂಬಿರಿ.

೮. ತಂದೆತಾಯಿಗಳಿಗೆ ಒಂದು ಮಾತು

ಮಕ್ಕಳು ಕೆಲಸದಲ್ಲಿ ಕೇಳುವ ಧೈರ್ಯವನ್ನು ಪಡೆಯಬೇಕಾದರೆ ಮನೆಯಲ್ಲಿ ಕೇಳಲು ಬಿಡಬೇಕು. ತಿಳಿಯದೆಂದಾಗ ದಡ್ಡನೆಂದು ಜರಿದರೆ, ತಪ್ಪನ್ನು ಒಪ್ಪಿಕೊಂಡಾಗ ಹೊಡೆದರೆ, ಅವರು ಕಲಿಯುವದು ಒಂದೇ: ಮುಚ್ಚಿಡುವದು. ಆದಕಾರಣ ಮುಂದಿನ ಸಾರಿ ಬಸ್ಸಿನ ಬಾಗಿಲಲ್ಲಿ ನಿಂತು ಬುದ್ಧಿ ಹೇಳುವಾಗ ಹೀಗೆ ಹೇಳಿರಿ: "ಮಗಾ, ದೊಡ್ಡವರಿಗೆ ಮರ್ಯಾದೆ ಕೊಡು. ತಿಳಿದರೆ ಹೂಂ ಅನ್ನು. ತಿಳಿಯದಿದ್ದರೆ ಕೇಳು. ತಪ್ಪಾದರೆ ಅದೇ ದಿನ ಹೇಳು."

ಪಾಠದ ಪ್ರಶ್ನೆಗಳು
(ಕೂಟದಲ್ಲಿ ಒಬ್ಬರು ಓದಿ ಉಳಿದವರು ಉತ್ತರ ಹೇಳತಕ್ಕದ್ದು.)

೧. ಮನೆಯಲ್ಲಿ ಅನ್ನುವ "ಹೂಂ" ಎಂಬದಕ್ಕೂ ಕೆಲಸದಲ್ಲಿ ಅನ್ನುವ "ಹೂಂ" ಎಂಬದಕ್ಕೂ ಭೇದವೇನು?
೨. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನು ಮಾಡಿದ ತಪ್ಪುಗಳು ಎಷ್ಟು? ಅವುಗಳಲ್ಲಿ ದೊಡ್ಡದು ಯಾವದು? ಅದರ ಭಾರವು ಯಾರ ಮೇಲೆ ಬಿತ್ತು?
೩. ಎಂಜಿನ್ನಿನಲ್ಲಿ ಕಿರಿಯನು ಹಿರಿಯನಿಗೆ ಸಿಗ್ನಲನ್ನು ಬಾಯಿಬಿಟ್ಟು ಹೇಳುವದು ಯಾಕೆ?
೪. ನಾಮಾನನ ಸೇವಕರು ತಮ್ಮ ಒಡೆಯನ ಸಂಗಡ ಮಾತಾಡಿದ ರೀತಿಯಿಂದ ನಾವು ಏನು ಕಲಿಯುತ್ತೇವೆ?
೫. ನೀವು ತಿಳಿಯದೆ "ಹೂಂ" ಅಂದ ಒಂದು ಸಂಗತಿಯನ್ನು ನೆನಪುಮಾಡಿಕೊಳ್ಳಿರಿ. ನಾಳೆ ಬೆಳಿಗ್ಗೆ ಅದನ್ನು ಯಾರ ಹತ್ತಿರ ಹೋಗಿ ಕೇಳುವಿರಿ?